ಗೋಲ್ಕೊಂಡದ ಚಪ್ಪಾಳೆ

ಏನ್ರೀ,

ನೀವು ಗೈಡ್ ಕೆಲಸ ಮುಗಿಸಿ ಹಂಪಿಯಿಂದ ಬರುವಷ್ಟರಲ್ಲಿ ನಾನು ಹೈದರಾಬಾದ್ ಬಸ್ಸಿನಲ್ಲಿರುತ್ತೇನೆ. ದೋಣಿಮಲೈಯಲ್ಲಿರುವ ನಮ್ಮಕ್ಕ ಜೊತೆಗಿದ್ದಾಳೆ. ಭಾನುವಾರ ಬರುತ್ತೇನೆ. ವಾಪಸ್ ಕರೆಯಲು ಫೋನ್ ಮಾಡಬ್ಯಾಡ್ರಿ, ಅದಕ್ಕೂ ಮೊದಲು ನಾನು ಬರುವುದಿಲ್ಲ.

ರೊಟ್ಟಿ ಬುಟ್ಟಿಯಲ್ಲಿವೆ. ಬದನೆಕಾಯಿ ಪಲ್ಯ ಇವತ್ತೇ ಮುಗಿಸ್ರಿ, ನಾಳೆಗೆ ಹಳಸುತ್ತದೆ. ಬಿಪಿ ಗುಳಿಗೆ ಟಿವಿ ಮುಂದೆಯೇ ಇಟ್ಟಿದ್ದೇನೆ, ಬೇರೆ ಕಡೆ ಇಟ್ಟರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಹೈದರಾಬಾದ್ ತೋರಿಸ್ರಿ ಅಂತ ಕೇಳಿದಾಗಲೆಲ್ಲ "ಅಲ್ಲೇನೈತಿ, ಇಲ್ಲಿದ್ದ ಕಲ್ಲೇ ಅಲ್ಲೂ" ಅಂದಿರಿ. ಇಪ್ಪತ್ತು ವರ್ಷದಿಂದ ಕಂಡವರ ಹೆಂಡಿರಿಗೆಲ್ಲ "ಇಲ್ಲಿ ನೋಡ್ರಿ ಮೇಡಂ" ಅನ್ನುವವರು ನೀವು.

ಚಾರ್ಮಿನಾರ್ ಹತ್ತುತ್ತೇನೆ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಡಿಯಾರದ ಗೊಂಬೆ ಹೊರಗೆ ಬಂದು ಗಂಟೆ ಬಾರಿಸುವವರೆಗೆ ಕಾದು ನಿಲ್ಲುತ್ತೇನೆ. ಆಮೇಲೆ ಗೋಲ್ಕೊಂಡ. ಕೋಟೆಯ ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳಿಸುತ್ತದೆ ಅಂತ ಟೂರಿಸ್ಟರಿಗೆ ಹೇಳುತ್ತೀರಲ್ಲ, ನೀವೇ ಆ ಊರು ನೋಡಿಲ್ಲ ಅನ್ನುವುದು ನನಗೊಬ್ಬಳಿಗೇ ಗೊತ್ತು. ಅಕ್ಕನನ್ನು ಕೆಳಗೆ ನಿಲ್ಲಿಸಿ ನಾನು ಮೇಲೆ ಹತ್ತುತ್ತೇನೆ. ಕೇಳಿಸಿತೋ ಇಲ್ಲವೋ ಬಂದು ಹೇಳುತ್ತೇನೆ.

ಅಲ್ಲೀತನಕ ಆ ಚಪ್ಪಾಳೆ ಮಾತು ಯಾರಿಗೂ ಹೇಳಬ್ಯಾಡ್ರಿ.

ಹುಲಿಗೆಮ್ಮ