ಮಂಗಳವಾರ ಹಾರದ ವಿಮಾನ

ಟ್ರುಗನಿನಾ, ಮೆಲ್ಬರ್ನ್
೧೨ ಮಾರ್ಚ್ ೨೦೨೫, ಬುಧವಾರ

ಚಿ. ಸೌ. ತಂಗಿ ಗಗನಾಳಿಗೆ,

ನಿನ್ನ ಅಣ್ಣ ಶಶಿಧರನ ಆಶೀರ್ವಾದಗಳು. ಇಲ್ಲಿ ಇಬ್ಬರೂ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ನಿನ್ನ ಅತ್ತಿಗೆ ಅಹಲ್ಯಾ ಕ್ಷೇಮ, ಅಷ್ಟು ಹೇಳಬಲ್ಲೆ. ನೀನು ಸಿಡ್ನಿಯ ಗಿರಾವೀನ್‌ನಿಂದ ಕಳಿಸಿದ ಚಟ್ನಿಪುಡಿ ತಲುಪಿ ಮೂರು ವಾರವಾಯಿತು, ಡಬ್ಬಿ ಅರ್ಧ ಖಾಲಿಯೂ ಆಯಿತು, ತಲುಪಿತು ಎಂದು ಒಂದು ಮೆಸೇಜ್ ಹಾಕಲಿಲ್ಲ. ತಪ್ಪಾಯಿತು ತಾಯಿ, ಕ್ಷಮಿಸು.

ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀಯ. ಫೋನ್ ಹಿಡಿದರೆ ನಾನು ನಟನಾಗಿಬಿಡುತ್ತೇನೆ. ‘ಅಯ್ಯೋ ವಿಧಿಯೇ!’ ಎಂದು ಎದೆ ಬಡಿದುಕೊಂಡು, ನಿನ್ನನ್ನೂ ಅಳಿಸಿ, ಹೇಳಬೇಕಾದ್ದೊಂದನ್ನು ಬಿಟ್ಟು ಪರದೆ ಇಳಿಸಿಬಿಡುತ್ತೇನೆ. ಅಪ್ಪನ ನಾಟಕ ಕಂಪನಿಯ ತಗಡಿನ ಥಿಯೇಟರಿನಲ್ಲಿ ಬೆಳೆದವನ ಚಾಳಿ ಅದು. ಸೈಡ್ ವಿಂಗಿನಲ್ಲಿ ನೋಟ್‌ಬುಕ್ ಹಿಡಿದು ಕೂತು ನನಗೆ ಮಾತು ಎತ್ತಿಕೊಡುತ್ತಿದ್ದವಳು ನೀನು, ನಿನಗೆ ಬೇರೆ ಹೇಳಬೇಕೆ?

ನೆಟ್ಟಗೆ ಬರೆಯುತ್ತೇನೆ. ಹೋದ ವಾರ ಮಂಗಳವಾರ ನಾನು ಆಕಾಶದಿಂದ ನಿನ್ನ ಗಂಡನನ್ನು ನೋಡಿದೆ.

ಒಂದು ನಿಮಿಷ ಕೂತುಕೋ. ನಾನೂ ಎದ್ದು ನೀರು ಕುಡಿದು ಬಂದೆ.

ನನ್ನ ಕೆಲಸ ನಿನಗೆ ಗೊತ್ತು. ರಸ್ತೆಯಿಲ್ಲದ ಕರಾವಳಿಯ ಮೇಲೆ ಸಣ್ಣ ವಿಮಾನ ಹಾರಿಸುವುದು, ಮೀನುಗಾರಿಕೆ ಇಲಾಖೆಯವರನ್ನು ಹುಲ್ಲಿನ ರನ್‌ವೇಗಳಲ್ಲಿ ಇಳಿಸುವುದು. ಮೊದಲ ಸುತ್ತು ತಗ್ಗಿನಲ್ಲಿ ಹಾರಿ ಕಾಂಗರೂಗಳನ್ನು ಓಡಿಸು, ಎರಡನೆಯ ಸುತ್ತಿನಲ್ಲಿ ಇಳಿ. ಪಕ್ಕದ ಸೀಟಿನಲ್ಲಿ ಇಲಾಖೆಯ ಹುಡುಗಿ ವಿನಿಷಾ. ಮಂಗಳೂರಿನ ಕಡೆಯವಳು, ಇಲ್ಲೇ ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದಿ ಅಲ್ಲೇ ನೆಲೆಸಿದ್ದಾಳೆ. ದೋಣಿ ಎಣಿಸುವುದು, ಫೋಟೋ ತೆಗೆಯುವುದು ಅವಳ ಪಾಲು. ಯಾವ ದಿನ ಎಲ್ಲಿಗೆ ಹಾರುತ್ತೇವೆಂದು ಹೆಂಡತಿಗೂ ಹೇಳುವುದಿಲ್ಲವೆಂದು ನಾನು ಸಹಿ ಹಾಕಿಕೊಟ್ಟಿದ್ದೇನೆ.

ಪ್ರತಿ ಮಂಗಳವಾರ ವಿಮಾನ ಮೆಕ್ಯಾನಿಕ್ ಕೈಯಲ್ಲಿರುತ್ತದೆ, ನಾವು ಹಾರುವುದಿಲ್ಲ. ಆದರೆ ಸೋಮವಾರ ಮೋಡ ನೆಲಕ್ಕೇ ಇಳಿದಿತ್ತು. ‘ನಾಳೆ ಹೋಗಿ’ ಎಂದರು ಮೇಲಿನವರು. ಹೋದೆವು. ರಾಜ್ಯದ ಗಡಿಯ ಹತ್ತಿರ, ಸಿಡ್ನಿಯಿಂದಲೂ ಮೆಲ್ಬರ್ನ್‌ನಿಂದಲೂ ಆರೇಳು ಗಂಟೆಯ ದಾರಿಯಲ್ಲಿ ಒಂದು ಪುಟ್ಟ ಕೊಲ್ಲಿ ಇದೆ. ಅಲ್ಲಿನ ಬಂಡೆಗಳಿಗೆ ಅಬಲೋನಿ ಅಂಟಿಕೊಂಡಿರುತ್ತದೆ. ಅಂಗೈಯಗಲದ ಚಿಪ್ಪು, ಒಳಗಿನ ಮಾಂಸಕ್ಕೆ ಭಾರೀ ಬೇಡಿಕೆ. ತಿನ್ನಲು ನಾಲ್ಕು ತೆಗೆದರೆ ಯಾರೂ ಕೇಳುವುದಿಲ್ಲ, ಮೂಟೆಗಟ್ಟಲೆ ಕಿತ್ತರೆ ಜೈಲು.

‘ಅಂಕಲ್, ಕೆಳಗೆ ಜನ ಉಂಟು! ಮೂರು ಜನ. ಎಂತ ಧೈರ್ಯ ಮಾರಾಯ್ರೆ ಇವರಿಗೆ!’ ಎಂದಳು ವಿನಿಷಾ.

ರೆಕ್ಕೆ ವಾಲಿಸಿ ಇಳಿಸಿದೆ. ಇಬ್ಬರು ಬಂಡೆಯ ಸಂದಿಗೆ ನುಗ್ಗಿದರು. ಮೂರನೆಯವರು ಓಡಲಿಲ್ಲ. ಮೂಟೆ ಕೈಯಲ್ಲಿ ಹಿಡಿದು, ಕತ್ತೆತ್ತಿ ನಿಂತರು. ಅಷ್ಟೆತ್ತರದಿಂದ ಮುಖ ಕಾಣುವುದಿಲ್ಲ, ಗಗನಾ. ಜಾಕೆಟ್ ಕಂಡಿತು. ಬೆನ್ನಿಗೆ ಹಳದಿ ಪಟ್ಟಿ, ಎಡತೋಳಿಗೆ ಕೆಂಪು ತೇಪೆ. ನಾನು ಹತ್ತು ವರ್ಷ ಹಾಕಿಕೊಂಡ ಜಾಕೆಟ್, ಅಹಲ್ಯಾ ತನ್ನ ಹಳೇ ಬ್ಲೌಸ್ ಪೀಸಿನಲ್ಲಿ ಹೊಲಿದ ತೇಪೆ. ‘ನಂಗಿರ್ಲಿ ಭಾವ, ಕ್ಯಾಂಪಿಂಗ್‌ಗೆ ಚೆನ್ನಾಗಿರುತ್ತೆ’ ಎಂದು ದೀಪಾವಳಿಗೆ ನಿನ್ನ ಯಜಮಾನರು ಪ್ರಮೋದ್ ಅವರೇ ಕೇಳಿ ತೆಗೆದುಕೊಂಡದ್ದು.

ಕೈಯಲ್ಲಿದ್ದ ವಿಮಾನ ಜಾರಿತು. ‘ಅಂಕಲ್! ಎತ್ತಿ, ಎತ್ತಿ!’ ಎಂದು ಅವಳು ಕಿರುಚಿದಾಗ ಸಮುದ್ರ ಗಾಜಿನ ತುಂಬ ಇತ್ತು. ಎತ್ತಿದೆ. ‘ಬಿಪಿ ಉಂಟಾ ಅಂಕಲ್ ನಿಮಗೆ?’ ಎಂದು ಅವಳು ಕೇಳಿದಳು. ಕೊನೆಯ ಚಾಪೆಯವನಿಗೂ ಮೈಕಿಲ್ಲದೆ ಕೇಳಿಸುತ್ತಿದ್ದ ಕಂಠದಲ್ಲಿ ‘ಹ್ಞೂಂ, ಬಿಪಿ’ ಎಂದು ಸುಳ್ಳು ಗೊಣಗಿದೆ.

ನೆಲದ ಮೇಲಿನ ಅಧಿಕಾರಿಗಳು ಮುಟ್ಟುವಷ್ಟರಲ್ಲಿ ಮೂವರೂ ಪರಾರಿ. ಮೂಟೆಗಳು ಮಾತ್ರ ಸಿಕ್ಕವು. ಕಾಡುದಾರಿಯ ಮರಕ್ಕೆ ಕಟ್ಟಿದ್ದ ಕ್ಯಾಮೆರಾ ಬಿಚ್ಚಿ ನೋಡಿದರೆ, ನವೆಂಬರಿನಿಂದ ಈಚೆಗೆ ಅದೇ ಬಿಳಿ ಯೂಟ್, ಹಿಂದೆ ತೆರೆದ ತೊಟ್ಟಿಯಿರುವ ಗಾಡಿ, ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿ, ಮಂಗಳವಾರ ಮಾತ್ರ ಬಂದುಹೋಗಿದೆ.

ಮಂಗಳವಾರ ಮಾತ್ರ! ಯಾರು ಹೇಳಿದರು ಇವರಿಗೆ? ಅಲ್ಲಿಗೆ ಎಲ್ಲರ ಕಣ್ಣು ನಮ್ಮ ಮೇಲೆ ತಿರುಗಿತು. ವೇಳಾಪಟ್ಟಿ ಗೊತ್ತಿದ್ದವರು ನಾಲ್ಕೇ ಜನ. ಅವರಲ್ಲಿ ವಿನಿಷಾಳ ಚಿಕ್ಕಪ್ಪನಿಗೆ ಕ್ಲೇಟನ್‌ನಲ್ಲಿ ಮೀನಿನ ಅಂಗಡಿ ಇದೆ. ಅಷ್ಟೇ ಸಾಕಾಯಿತು. ಶುಕ್ರವಾರ ಅವಳ ಗುರುತಿನ ಚೀಟಿ ಕಿತ್ತುಕೊಂಡು ಮನೆಗೆ ಕಳಿಸಿದರು. ಬರುವ ಸೋಮವಾರ ವಿಚಾರಣೆ.

ಭಾನುವಾರ ಅವಳು ಫೋನ್ ಮಾಡಿದಳು. ‘ಅಂಕಲ್, ಮಮ್ಮಿಗೂ ಹೇಳಿದವಳಲ್ಲ ನಾನು. ನಿಮಗಾದ್ರೂ ನನ್ನ ಮೇಲೆ ನಂಬಿಕೆ ಉಂಟಲ್ಲ?’

‘ಇದೆಯಮ್ಮಾ’ ಎಂದೆ.

ನಂಬಿಕೆಯೇನು ಬಂತು, ನನಗೆ ಗೊತ್ತಿತ್ತು! ಹೇಳಿದವನು ನಾನು!

ನಿಮ್ಮ ಮನೆಯ ದೀಪಾವಳಿ ನೆನಪಿದೆಯಲ್ಲ. ಗರಾಜಿನಲ್ಲಿ ಜಮಖಾನ ಹಾಸಿ, ಊಟವಾದ ಮೇಲೆ ಮೂವತ್ತು ಜನ. ‘ಅಂಕಲ್, ಪೈಲಟ್ ಸ್ಟೋರಿ ಹೇಳಿ’ ಎಂದು ಮಕ್ಕಳು ಪೀಡಿಸಿದರು. ಶಾಲನ್ನು ಉತ್ತರೀಯದಂತೆ ಹೊದ್ದು ಎದ್ದು ನಿಂತೆ. ‘ಎಲೈ ಕಡಲುಗಳ್ಳರಿರಾ! ಈ ಶಶಿಧರನ ಗರುಡದೃಷ್ಟಿಯಿಂದ ತಪ್ಪಿಸಿಕೊಳ್ಳಬಲ್ಲಿರಾ?’ ಚಪ್ಪಾಳೆ. ‘ಹಂಗಾದ್ರೆ ಗರುಡಂಗೆ ರಜಾನೇ ಇಲ್ವಾ?’ ಎಂದು ಹಿಂದಿನಿಂದ ಯಾರೋ ಕೇಳಿದರು. ಮಾತು ಬಂದ ಮೇಲೆ ಉತ್ತರ ಕೊಡದಿದ್ದರೆ ಸೀನ್ ಬಿದ್ದುಹೋಗುತ್ತದೆ. ತೋಳು ಮಡಚಿ, ‘ಮಂಗಳವಾರ! ಮಂಗಳವಾರ ಮಾತ್ರ ಗರುಡ ರೆಕ್ಕೆ ಮಡಚಿ ಮಲಗುತ್ತಾನೆ!’ ಎಂದು ಗೊರಕೆ ಹೊಡೆದು ತೋರಿಸಿದೆ. ಗರಾಜಿನ ಶಟರ್ ಅದುರುವಂತೆ ನಕ್ಕರು. ‘ವನ್ಸ್‌ಮೋರ್!’ ಎಂದರು. ವನ್ಸ್‌ಮೋರ್ ಬಂದರೆ ಸತ್ತ ಪಾತ್ರವೂ ಎದ್ದು ಹಾಡಬೇಕು, ನಮ್ಮ ಕಂಪನಿಯ ಶಿಸ್ತು ಅದು. ಮೂರು ಸಲ ಹೇಳಿದೆ. ಸರ್ಕಾರದ ಗುಟ್ಟನ್ನು ಮೂರು ಸಲ, ಅಭಿನಯ ಸಮೇತ!

ಅದಕ್ಕೇ ಈ ಕಾಗದ. ಸೋಮವಾರ ಒಂಬತ್ತು ಗಂಟೆಗೆ ಆ ಹುಡುಗಿಯ ವಿಚಾರಣೆ ಶುರುವಾಗುವ ಮೊದಲು ನಾನು ಒಳಗೆ ಹೋಗುತ್ತೇನೆ. ಬಾಯಿಬಿಟ್ಟವನು ನಾನು ಎನ್ನುತ್ತೇನೆ. ಹಾರುವ ಕೆಲಸ ಅಲ್ಲಿಗೆ ಮುಗಿಯುತ್ತದೆ. ಯಾರ ಮುಂದೆ ಹೇಳಿದೆ ಎಂದು ಕೇಳುತ್ತಾರೆ, ಫೋಟೋ ಮುಂದಿಡುತ್ತಾರೆ. ಆ ಜಾಕೆಟ್ ಯಾರದು ಎಂದರೆ ಸುಳ್ಳು ಹೇಳಲಾರೆ. ಪ್ರಮೋದ್ ಅವರಿಗೆ ನಾನಾಗಿ ಫೋನ್ ಮಾಡಿಲ್ಲ. ಮೂರನೆಯವರ ಬಾಯಿಂದ ನಿನಗೆ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ಅವರು ಸೋಮವಾರಕ್ಕೆ ಮುಂಚೆ ತಾವೇ ಹೋಗಿ ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾದೀತು. ಕೂರಿಸಿಕೊಂಡು ಹೇಳು. ಜಗಳವಾಡಬೇಡ, ಅನ್ನ ಬಿಡಬೇಡ. ಬೇಕಿದ್ದರೆ ಅಹಲ್ಯಾಳನ್ನು ವಿಮಾನ ಹತ್ತಿಸುತ್ತೇನೆ. ನಿನ್ನ ಬದುಕಿಗೆ ಕಲ್ಲು ಹಾಕಿದವನು ನಿನ್ನ ಅಣ್ಣನೇ ಎಂದು ನನಗೆ ಗೊತ್ತು. ಏನು ಬಯ್ಯಬೇಕೋ ಬಯ್ಯಿ.

ದೇವರು ನಿನ್ನನ್ನು ನೆಟ್ಟಗೆ ನಿಲ್ಲಿಸಲಿ. ನಿನ್ನ ಮನೆಯ ದೀಪ ಆರದಿರಲಿ.

ಇತಿ ನಿನ್ನ ಅಣ್ಣ,
ಶಶಿಧರ

ಮರೆತ ಮಾತು: ಮೇಲಿನದನ್ನು ಬರೆದದ್ದು ಬೆಳಿಗ್ಗೆ. ಲಕೋಟೆ ಅಂಟಿಸುವ ಮೊದಲು ಅಹಲ್ಯಾ ಫೋನ್ ತಂದುಕೊಟ್ಟಳು. ದೀಪಾವಳಿಯ ವಿಡಿಯೋ ಅವಳ ಹತ್ತಿರ ಇತ್ತು. ಪೂರ್ತಿ ನೋಡಿದೆ. ಗರುಡನಿಗೆ ರಜವಿಲ್ಲವೇ ಎಂದು ಕೇಳಿದವಳು ನೀನು. ಫ್ರಿಜ್ ಪಕ್ಕ ನಿಂತಿದ್ದೀಯ, ಪ್ರಮೋದ್ ಅವರ ಜೊತೆ. ನಾನು ‘ಮಂಗಳವಾರ’ ಎಂದಾಗ ಮೂವತ್ತು ಜನ ನನ್ನನ್ನು ನೋಡಿ ನಗುತ್ತಿದ್ದಾರೆ. ನೀನು ಪ್ರಮೋದ್ ಅವರ ಕಡೆ ತಿರುಗಿ ತಲೆಯಾಡಿಸುತ್ತೀಯ. ಮೊದಲ ‘ವನ್ಸ್‌ಮೋರ್’ ಕೂಡ ನಿನ್ನದೇ ದನಿ.

ಏಳು ವರ್ಷದವಳಿದ್ದಾಗಿನಿಂದ ನೀನು ಎತ್ತಿಕೊಟ್ಟ ಮಾತನ್ನೆಲ್ಲ ನಾನು ಹಿಂದುಮುಂದು ನೋಡದೆ ಗಟ್ಟಿಯಾಗಿ ಹೇಳಿದ್ದೇನೆ. ಸೋಮವಾರದ ತನಕ ಫೋನ್ ಮಾಡಬೇಡ, ಗಗನಾ. ನಿನ್ನ ದನಿ ಕೇಳಿದರೆ, ವಿಚಾರಣೆಯಲ್ಲೂ ನೀನು ಹೇಳಿಕೊಟ್ಟದ್ದನ್ನೇ ಹೇಳಿಬಿಡುತ್ತೇನೆ.