ನನ್ನ ಕೀಲಿ, ನಿನ್ನ ಬೀಗ

ಪ್ರೀತಿಯ ಸಂಘಮಿತ್ರಾ,

ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಫೋನ್ ನಂಬರು ಬದಲಾಗಿದೆ. ಜಗಳೂರಿನ ಹಳೆಯ ವಿಳಾಸಕ್ಕಾದರೂ ಈ ಕಾಗದ ಮುಟ್ಟೀತು ಎಂಬ ಆಸೆ.

ನಾನೀಗ ಚನ್ನಗಿರಿಯಲ್ಲಿ ಇಂಗ್ಲಿಷ್ ಟೀಚರು. ನಿನ್ನೆ ಪಾಠದಲ್ಲಿ ‘ಸೆರೆಂಡಿಪಿಟಿ’ ಎಂಬ ಪದ ಬಂತು. ‘ಲಾಟರಿ ಹೊಡಿಯೋದಾ ಮಿಸ್?’ ಎಂದಳು ಅಂಜಿನಮ್ಮ ಎಂಬ ಹುಡುಗಿ. ಅಲ್ಲ, ಏನನ್ನೋ ಹುಡುಕುವಾಗ ಹುಡುಕದೇ ಇದ್ದ ಒಳ್ಳೆಯದೊಂದು ಸಿಗುವುದು ಎಂದೆ. ಸೆರೆಂಡಿಪ್ ಎಂದರೆ ಲಂಕೆಯ ಹಳೆಯ ಹೆಸರು. ಆ ನಾಡಿನ ಮೂವರು ರಾಜಕುಮಾರರಿಗೆ ದಾರಿಯುದ್ದಕ್ಕೂ ಹೀಗೇ ಆಗುತ್ತಿತ್ತಂತೆ. ಆ ಕಥೆ ಓದಿದ್ದ ಇಂಗ್ಲಿಷಿನವನೊಬ್ಬ ಇನ್ನೂರೆಪ್ಪತ್ತು ವರ್ಷದ ಹಿಂದೆ ಗೆಳೆಯನಿಗೆ ಕಾಗದ ಬರೆಯುವಾಗ ಈ ಪದ ಕಟ್ಟಿದ. ಲಂಕೆ ಎಂದ ಕೂಡಲೇ ನನಗೆ ನೀನು ನೆನಪಾದೆ. ‘ಅಶೋಕನ ಮಗಳ ಹೆಸ್ರು ಕಣೇ ನಂದು. ಬೋಧಿ ಗಿಡ ತಗಂಡು ಲಂಕೆಗೆ ಹೋಗಿದ್ಲು’ ಎಂದು ಜಂಬ ಕೊಚ್ಚುತ್ತಿದ್ದವಳು ನೀನಲ್ಲವೇ?

ಹೊನ್ನಾಳಿ ಹಾಸ್ಟೆಲಿನ ಮೊದಲ ದಿನ ನೆನಪಿದೆಯಾ? ಎದುರಿನ ಅಂಗಡಿಯ ಅಗ್ಗದ ಬೀಗಗಳೆಲ್ಲ ಒಂದೇ ಕೀಲಿಗೆ ತೆರೆದುಕೊಳ್ಳುತ್ತಿದ್ದವು. ಸೋಪು ಹುಡುಕುತ್ತಾ, ನನ್ನದೆಂದುಕೊಂಡು ನಿನ್ನ ಟ್ರಂಕು ತೆರೆದೆ. ಸಜ್ಜೆ ರೊಟ್ಟಿ ಸಿಕ್ಕಿತು. ಅಮ್ಮ ಯಾವಾಗ ಇಟ್ಟಳೋ ಎಂದುಕೊಂಡು ಒಂದನ್ನು ಮುಗಿಸಿಯೂಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ನೀನು, ‘ಚಟ್ನಿಪುಡಿ ಕೆಳಗೈತೆ, ಬರೀ ರೊಟ್ಟಿ ಹೆಂಗೆ ತಿಂತೀಯ?’ ಎಂದೆ. ಸೋಪು ಹುಡುಕಿದವಳಿಗೆ ನೀನು ಸಿಕ್ಕೆ.

ಎರಡನೇ ವರ್ಷ, ಒಂದು ಭಾನುವಾರ, ನಿನ್ನನ್ನು ನ್ಯಾಮತಿಯ ನಮ್ಮ ಮನೆಗೆ ಕರೆದೊಯ್ದೆ. ಅಜ್ಜಿ ನಿನ್ನ ಊರು, ಜಾತಿ ಎಲ್ಲ ವಿಚಾರಿಸಿದಳು. ಆಮೇಲೆ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ, ನಿನಗೊಬ್ಬಳಿಗೆ ಪೇಪರ್ ಕಪ್ಪು. ನೀನು ನನ್ನ ಮುಖ ನೋಡಿದೆ. ನಾನು ನನ್ನ ಲೋಟ ನೋಡಿದೆ. ‘ಬಸ್ಸಿಗೆ ಹೊತ್ತಾತು, ಬರ್ತೀನ್ರೀ’ ಎಂದು ನೀನು ಎದ್ದುಬಿಟ್ಟೆ. ಮಾರನೇ ದಿನ ನಿನ್ನ ಟ್ರಂಕಿಗೆ ಹೊಸ ಬೀಗ ಬಿದ್ದಿತ್ತು. ನೀನಿಲ್ಲದಾಗ ನನ್ನ ಕೀಲಿ ಹಾಕಿ ನೋಡಿದೆ. ತಿರುಗಲಿಲ್ಲ.

ಅಜ್ಜಿ ಈಗಿಲ್ಲ. ತಪ್ಪೆಲ್ಲ ಅವಳದೆಂದು ಹೇಳಿಕೊಂಡು ಇಷ್ಟು ವರ್ಷ ತಪ್ಪಿಸಿಕೊಂಡೆ. ಬಾಯಿ ಮುಚ್ಚಿಕೊಂಡು ಕೂತಿದ್ದವಳು ನಾನು. ಕ್ಷಮಿಸು ಕಣೇ. ನಿನ್ನ ನೆನಪಾಗದೆ ನಾನು ಒಂದು ರೊಟ್ಟಿಯನ್ನೂ ಮುರಿದಿಲ್ಲ.

ಹುಡುಕದೇ ಸಿಕ್ಕಿದ್ದಕ್ಕೆ ಇಂಗ್ಲಿಷಿನಲ್ಲೊಂದು ಪದವಿದೆ. ಹಾಗೆ ಸಿಕ್ಕವಳನ್ನು ಕಳೆದುಕೊಂಡು ಹುಡುಕುವುದಕ್ಕೆ ಏನನ್ನುತ್ತಾರೋ ಗೊತ್ತಿಲ್ಲ. ಬರುವ ಭಾನುವಾರ ಜಗಳೂರಿನ ಬಸ್ಸು ಹತ್ತುತ್ತೇನೆ. ನೀನು ಬಾಗಿಲಲ್ಲೇ ನಿಲ್ಲಿಸಿದರೂ ಸರಿ, ಈ ಸಲ ನಿನ್ನ ಮುಖ ನೋಡುತ್ತೇನೆ.

ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ಆ ಹಳೆಯ ಕೀಲಿಯನ್ನು ಎಸೆಯಲಾಗದ
ನಿನ್ನ ನೇತ್ರಾವತಿ