ಈ ಗಾಳಿಗಾಲದ ಪುಸ್ತಕಗಳು ಮತ್ತು ವಿರುಪಮ್ಮನ ಬಾಗಿಲು

ಗಾಳಿಗಾಲದ ನೂರಿಪ್ಪತ್ತನೇ ತಾರೀಖು, ಇಸವಿ ೨೨೬೧
ಮೂರನೇ ಮೆಟ್ಟಿಲು, ಸಂಡೂರಿನ ಹಳೇ ಗಣಿ

ನನಗಿಂತ ಬಹಳ ಮೊದಲೇ ಓದಿ ಮುಗಿಸಿದವರೇ,

ತಾರೀಖು ನೋಡಿ ನಕ್ಕಿರಬಹುದು. ನಮಗೆ ತಿಂಗಳುಗಳಿಲ್ಲ. ಮಳೆಗಾಲ, ಬೆಳೆಗಾಲ, ಗಾಳಿಗಾಲ ಎಂದು ಮೂರು ಉದ್ದನೆಯ ಕಾಲಗಳಿವೆ. ಎಣಿಕೆ ಒಂದು ಕಾಲದ ಮೊದಲಿಂದ ಕೊನೆಯವರೆಗೆ ಹಾಗೇ ಸಾಗುತ್ತದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಿಮ್ಮ ಕಾಲದ ಪುಸ್ತಕಗಳಿಂದ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದನ್ನು ಯಾರ ಜೊತೆಗೂ ಆಡಿ ನೋಡಿದವನಲ್ಲ.

ನೀವು ಅದಿರಿಗಾಗಿ ಅಗೆದು ಬಿಟ್ಟುಹೋದ ಗುಡ್ಡದ ಮೆಟ್ಟಿಲುಗಳ ಮೇಲೆ ನಾವು ಇದ್ದೇವೆ. ಒಂದೊಂದು ಮೆಟ್ಟಿಲು ಒಂದೊಂದು ಊರು. ಕೆಳಗಿನ ಹಳ್ಳದಲ್ಲಿ ನೀರಿದೆ, ಅದನ್ನು ಮೇಲೆತ್ತುವ ಗಾಲಿ ಇದೆ, ಎಲ್ಲರಿಗೂ ಒಂದೇ ಅಡುಗೆಮನೆ ಇದೆ. ಗಾಳಿಗಾಲದಲ್ಲಿ ಕೆಂಪು ಧೂಳು ಎದ್ದು ಮೆಟ್ಟಿಲುಗಳ ನಡುವಿನ ದಾರಿ ಮುಚ್ಚಿಹೋಗುತ್ತದೆ. ಆಗ ಒಳಗೆ ಕೂತು ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಊರಿನವರು ಬರೆದ ಹೊಸ ಪುಸ್ತಕಗಳು ಹೊರಬರುವುದೂ ಆಗಲೇ. ಅವುಗಳಲ್ಲಿ ಯಾವುದನ್ನು ಓದಬಹುದು ಎಂದು ಅಡುಗೆಮನೆಯ ಗೋಡೆಗೆ ಬರೆದು ಹಾಕುವುದು ನನ್ನ ಪಾಲಿಗೆ ಬಂದಿದೆ. ಹೆಚ್ಚು ಜನರ ಜೊತೆ ಮಾತು ಬೇಡದ ಕೆಲಸವೆಂದು ನಾನೇ ಒಪ್ಪಿಕೊಂಡೆ.

ನೀವು 'ಕಥೆಯಲ್ಲದ್ದು' ಎಂದು ಕರೆಯುತ್ತಿದ್ದ ಬರಹವನ್ನು ನಾವು 'ದಿಟ' ಎನ್ನುತ್ತೇವೆ. ಇಲ್ಲಿ ಕಥೆ ಬರೆಯುವವರು ಕಡಿಮೆ, ದಿಟ ಬರೆಯುವವರೇ ಹೆಚ್ಚು. ಈ ಸಲದ್ದರಲ್ಲಿ ಬಟ್ಟೆ ಒಣಗಿಸುವುದರ ಚರಿತ್ರೆಯೊಂದು ಚೆನ್ನಾಗಿದೆ. ನೀವು ಬಾಲ್ಕನಿಗಳಲ್ಲಿ ಹಗ್ಗ ಕಟ್ಟಿ ನಿಮ್ಮ ಒಳಉಡುಪುಗಳನ್ನು ಊರಿಗೆಲ್ಲ ತೋರಿಸುತ್ತಿದ್ದಿರೆಂದು ಓದಿ ಅಡುಗೆಮನೆ ಎರಡು ದಿನ ನಕ್ಕಿತು. ನೀರಿನ ಗಾಲಿಯ ಕೀಲುಗಳ ಮೇಲೊಂದಿದೆ, ಬರೆದವನಿಗೆ ಎಣ್ಣೆಯ ಮೇಲಿರುವ ಪ್ರೀತಿ ಓದುವವನ ಮೇಲಿಲ್ಲ, ಆದರೂ ಓದಬೇಕು. ಹಲ್ಲುನೋವಿನ ಬಗ್ಗೆ ಒಂದಿದೆ. ಅದು ಚಿಕ್ಕದು, ಒಂದು ಸಲ ಕೂತರೆ ಮುಗಿಯುತ್ತದೆ, ಆಮೇಲೆ ಬಹಳ ಹೊತ್ತು ನಾಲಗೆ ತಾನಾಗಿ ಹಲ್ಲುಗಳನ್ನು ಮುಟ್ಟುತ್ತಿರುತ್ತದೆ. ನಾಲ್ಕನೆಯದರ ಬಗ್ಗೆ ಹೇಳಲೆಂದೇ ಈ ಪತ್ರ.

ಅದಕ್ಕೆ ಮೊದಲು ನಮ್ಮ ಕಟ್ಟಳೆಯೊಂದು ನಿಮಗೆ ಗೊತ್ತಿರಬೇಕು. ದಿಟವೆಂದು ಬರೆದ ಪುಸ್ತಕವನ್ನು, ಅದರಲ್ಲಿ ಎಲ್ಲೂ ಬಾರದ ಒಬ್ಬರಾದರೂ ಪೂರ್ತಿ ಓದಿರಬೇಕು. ಅವರನ್ನು 'ಹೊರಗಣ್ಣು' ಎನ್ನುತ್ತೇವೆ. ಗಾಳಿಗಾಲದ ಕೊನೆಗೆ ಹೊರಗಣ್ಣು ಓದುಕಟ್ಟೆಯ ಮೇಲೆ ನಿಂತು, ನಾನು ಇದನ್ನು ಓದಿದ್ದೇನೆ, ನಾನು ಇದರಲ್ಲಿ ಇಲ್ಲ, ಎಂದು ಎಲ್ಲರ ಮುಂದೆ ಹೇಳಬೇಕು. ಆಮೇಲೆಯೇ ಪುಸ್ತಕಕ್ಕೆ ಪ್ರತಿಗಳು. ಯಾರೂ ಹೇಳದಿದ್ದರೆ ಇರುವ ಒಂದು ಪ್ರತಿಯನ್ನು ನೀರಿನ ತೊಟ್ಟಿಗೆ ಹಾಕಿ ನೆನೆಸಿ ಮತ್ತೆ ಕಾಗದ ಮಾಡುತ್ತಾರೆ. ಹೆಸರಿಲ್ಲದೆ ಬಂದರೂ, ಓದಿದವನಿಗೆ ಅದು ತಾನೇ ಎಂದು ಗೊತ್ತಾದರೆ, ಅವನು ಹೊರಗಣ್ಣಲ್ಲ. ತಮ್ಮನ್ನು ಹೊಗಳಿದ ಪುಸ್ತಕವನ್ನು ತಾವೇ ಹೊಗಳುವ ರೂಢಿ ಹಿಂದೆ ಎಲ್ಲೋ ಇತ್ತಂತೆ. ಅದಕ್ಕೇ ಈ ಕಟ್ಟಳೆ.

ನಾಲ್ಕನೆಯ ಪುಸ್ತಕ ವಿರುಪಮ್ಮ ಬರೆದದ್ದು. ಅವಳೂ ನಾನೂ ಹಲವು ವರ್ಷ ಒಂದೇ ಮನೆಯಲ್ಲಿದ್ದೆವು. ಈಗ ಅವಳು ಅದೇ ಮನೆಯಲ್ಲಿದ್ದಾಳೆ, ನಾನು ಮೆಟ್ಟಿಲಿನ ಈ ತುದಿಯಲ್ಲಿದ್ದೇನೆ. ಜಗಳವಾಗಿರಲಿಲ್ಲ. ಮಾತು ಕಡಿಮೆಯಾಗುತ್ತ ಹೋಗಿ, ಒಂದು ದಿನ ನಾನು ಹೊರಟಿದ್ದನ್ನು ಹೇಳುವುದಕ್ಕೂ ಮಾತು ಬೇಕಾಗಲಿಲ್ಲ. ಅವಳ ಪುಸ್ತಕ ನಮ್ಮ ಊರಿನವರು ಗಾಳಿಗೆ ಬಾಗಿಲು ಹಾಕಿಕೊಳ್ಳುವ ಬಗೆಯನ್ನು ಕುರಿತದ್ದು. ಗಾಲಿ ನಡೆಸುವ ದಾದಾಪೀರ ಒದ್ದು ಹಾಕುತ್ತಾನೆ. ಅಡುಗೆಯ ಗಂಗಮ್ಮ ಬಾಗಿಲನ್ನು ಬೈದು ಹಾಕುತ್ತಾಳೆ. ಮೇಷ್ಟ್ರು ಹಾಕಿ, ಹಾಕಿದ್ದೇನೆಯೇ ಎಂದು ತೆರೆದು ನೋಡಿ, ಮತ್ತೆ ಹಾಕುತ್ತಾರೆ. ಯಾರನ್ನು ಬಿಟ್ಟರೂ ನೊಂದುಕೊಳ್ಳುತ್ತಾರೆಂದು ಅವಳು ಹಸುಗೂಸುಗಳನ್ನೂ ಸೇರಿಸಿದ್ದಳು.

ಅಡುಗೆಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಪುಟ ಹುಡುಕಿ ಓದಿ ಖುಷಿಪಟ್ಟರು. ಆಮೇಲೆ ಗಂಗಮ್ಮ ಸೌಟು ಹಿಡಿದೇ ನಿಂತುಬಿಟ್ಟಳು. "ಅಯ್ಯ ನಮ್ಮವ್ವ, ಎಲ್ಲಾರೂ ಒಳಗ ಅದೀವಿ. ಹೊರಗ ನಿಂತು ಓದೋರು ಯಾರ?" ಬೇರೆ ಮೆಟ್ಟಿಲಿನವರನ್ನು ಕರೆಯಲು ದಾರಿ ಮುಚ್ಚಿತ್ತು. ವಿರುಪಮ್ಮ ತಟ್ಟೆ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ. ದಾದಾಪೀರ ಪುಸ್ತಕವನ್ನು ಮತ್ತೊಮ್ಮೆ ಕೊನೆಯವರೆಗೆ ಮಗುಚಿ, ನನ್ನ ಕಡೆ ನೋಡಿ ನಗತೊಡಗಿದ. "ಏನ್ ಸ್ವಾಮಣ್ಣಾ, ಆಕಿ ನಮ್ಮ ನಾಯೀನೂ ಬಿಟ್ಟಿಲ್ಲ, ಅದು ಬಾಗ್ಲ ಕೆರ್ಯೋದೂ ಬರದಾಳ. ನಿನ್ನ ಬಿಟ್ಟಾಳಲ್ಲೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಎರ್ರಿಸ್ವಾಮಿ ಎಂಬ ನನ್ನ ಹೆಸರು ಆ ಪುಸ್ತಕದಲ್ಲಿ ನಿಜವಾಗಿಯೂ ಇರಲಿಲ್ಲ.

ಹೀಗೆ ನಾನು ಹೊರಗಣ್ಣಾದೆ. ಬರೆದವರೂ ಹೊರಗಣ್ಣೂ ಕಾಲ ಮುಗಿಯುವವರೆಗೆ ಮಾತಾಡುವಂತಿಲ್ಲ. ನಮಗೆ ಅದು ಕಷ್ಟವಾಗಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಓದಲು ಒಬ್ಬನಾದರೂ ಇರಲಿ ಎಂದು ನನ್ನನ್ನು ಹೊರಗಿಟ್ಟಳೋ, ಕೇಳುವಂತಿರಲಿಲ್ಲ. ನಿಧಾನವಾಗಿ ಓದಿದೆ. ಊರಿನ ಎಲ್ಲರ ಬಾಗಿಲೂ ನನ್ನ ಕೋಣೆಯಲ್ಲಿ ಒಂದೊಂದಾಗಿ ಮುಚ್ಚಿಕೊಂಡವು. ಇಷ್ಟು ಜನರ ನಡುವೆ ಇಷ್ಟು ಕಾಲ ಇದ್ದೂ ಒಬ್ಬರ ಬಾಗಿಲಿನ ಸದ್ದನ್ನೂ ನಾನು ಗಮನಿಸಿರಲಿಲ್ಲ.

ಕೊನೆಯ ಅಧ್ಯಾಯ ಅವಳದೇ ಬಾಗಿಲಿನದು. ಬಹಳ ಚಿಕ್ಕದು. ಅದರಲ್ಲಿ ಹೀಗಿದೆ: "ನನ್ನ ಬಾಗಿಲು ಹಲವು ವರ್ಷ ಸದ್ದಿಲ್ಲದೆ ಮುಚ್ಚುತ್ತಿತ್ತು. ಅದು ಮರದ ಗುಣವೆಂದು ತಿಳಿದಿದ್ದೆ. ಈಗ ಸದ್ದು ಮಾಡುತ್ತದೆ."

ಆ ಮನೆಯಲ್ಲಿದ್ದಾಗ ನನ್ನ ಸರದಿ ನೀರಿನ ಗಾಲಿಯ ಬಳಿ ಬೆಳಕು ಹರಿಯುವ ಮುಂಚೆ ಇರುತ್ತಿತ್ತು. ಅವಳ ನಿದ್ದೆ ತೆಳು. ಒಂದು ಬಟ್ಟೆಯನ್ನು ಮಡಿಸಿ ಚೌಕಟ್ಟಿಗೆ ಇಟ್ಟು, ಅದರ ಮೇಲೆ ಬಾಗಿಲನ್ನು ಒತ್ತಿ ಹೋಗುತ್ತಿದ್ದೆ. ಹೊರಟುಹೋದ ದಿನವೂ ಹಾಗೇ ಮಾಡಿದ್ದೆ. ಅವಳಿಗೆ ಎಂದೂ ಹೇಳಿರಲಿಲ್ಲ, ಹೇಳುವಂಥ ವಿಷಯವೂ ಅಲ್ಲ.

ಆ ಮೂರು ವಾಕ್ಯಗಳಲ್ಲಿ ನಾನಿದ್ದೇನೆ. ಹಾಗೆಂದು ಹೇಳಿದರೆ ಪುಸ್ತಕ ತೊಟ್ಟಿಗೆ ಹೋಗುತ್ತದೆ. ಇಲ್ಲವೆಂದು ಹೇಳಿದರೆ, ಇಡೀ ಪುಸ್ತಕದಲ್ಲಿ ನನಗೆ ಸಿಕ್ಕ ಒಂದೇ ಜಾಗವನ್ನು ನಾನೇ ಬಿಟ್ಟುಕೊಟ್ಟಂತೆ.

ಇಂದು ಬೆಳಿಗ್ಗೆ ಓದುಕಟ್ಟೆ ಹತ್ತಿದೆ. ನಾನು ಇದನ್ನು ಓದಿದ್ದೇನೆ, ನಾನು ಇದರಲ್ಲಿ ಇಲ್ಲ, ಎಂದೆ. ದಾದಾಪೀರ ಹಿಂದಿನಿಂದ, "ನಾಯಿಗಿಂತ ಕಡೆ ಆದ್ಯಲ್ಲೋ!" ಎಂದು ಕೂಗಿದ, ಮತ್ತೆ ನಗು. ಇಳಿದು ಬರುವಾಗ ವಿರುಪಮ್ಮ ಎದುರಿಗಿದ್ದಳು. ಈಗ ಮಾತಾಡಬಹುದಿತ್ತು.

"ಪೂರ್ತಿ ಓದಿದ್ಯಾ?"

"ಓದಿದೆ."

"ಕಡೀ ಅಧ್ಯಾಯ?"

"ಅದನ್ನೂ ಓದಿದೆ."

ನಾನು ಇನ್ನೂ ಏನಾದರೂ ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದಳೇನೋ. ಅವಳು ಪ್ರತಿ ಮಾಡುವವರ ಕಡೆಗೆ ಹೋದಳು.

ಇಲ್ಲಿರುವ ಯಾರಿಗೂ ನಾನು ಇದನ್ನು ಹೇಳುವಂತಿಲ್ಲ, ಆದ್ದರಿಂದ ನಿಮಗೆ ಬರೆದಿದ್ದೇನೆ. ಹಿಂದಿನ ಕಾಲಕ್ಕೆ ಬರೆದ ಪತ್ರಕ್ಕೆ ಉತ್ತರ ಬರುವುದಿಲ್ಲ, ಅದೂ ಒಂದು ಅನುಕೂಲ. ಗೋಡೆಯ ಮೇಲೆ ಅವಳ ಪುಸ್ತಕವನ್ನು ಮೊದಲು ಬರೆದೆ: ಚೆನ್ನಾಗಿದೆ, ಕೊನೆಯವರೆಗೆ ಓದಿ. ನಿಮಗೂ ಅದನ್ನೇ ಕೋರುತ್ತೇನೆ. ನಿಮ್ಮ ಈ ಋತುವಿನ ಹೊಸ ಪುಸ್ತಕಗಳಲ್ಲಿ ನಿಮ್ಮ ಬಗ್ಗೆ ಏನೂ ಇಲ್ಲದ ಒಂದನ್ನು ಆರಿಸಿ, ಕೊನೆಯ ಪುಟದವರೆಗೆ ಓದಿ. ಅಲ್ಲಿ ನಿಮಗೆ ಏನಾದರೂ ಸಿಕ್ಕರೆ ಯಾರಿಗೂ ಹೇಳಬೇಡಿ.

ಕೊನೆಯ ಗಾಳಿ ಎದ್ದಿದೆ. ಬಾಗಿಲು ಹಾಕಬೇಕು. ಒಳಗೆ ಯಾರೂ ಮಲಗಿಲ್ಲ, ಆದರೂ ಬಟ್ಟೆ ಮಡಿಸಿಟ್ಟುಕೊಂಡಿದ್ದೇನೆ.

ಎರ್ರಿಸ್ವಾಮಿ